ಕೆಲಸ ಕೊಡುತ್ತೇವೆ, ತೀರ್ಮಾನ ಮಾತ್ರ ನಮ್ಮ ಕೈಯಲ್ಲೇ

ಸಣ್ಣದೊಂದು ಉದ್ಯಮ ಕಟ್ಟಿ ಹದಿನೈದು ವರ್ಷ ನಡೆಸಿದ್ದೇನೆ. ಅದಕ್ಕಿಂತ ಜಾಸ್ತಿ ವರ್ಷ ನಮ್ಮ ಸಭೆಯ, ಅಂದರೆ ಚರ್ಚಿನ, ಸೇವೆಯಲ್ಲಿದ್ದೇನೆ. "ಬಿಸಿನೆಸ್ ಬುದ್ಧಿಯನ್ನು ದೇವರ ಮನೆಯೊಳಗೆ ತರಬೇಡಿ" ಎಂಬ ಮಾತು ತುಂಬಾ ಸಲ ಕಿವಿಗೆ ಬಿದ್ದಿದೆ. ಹೇಳುವವರ ಆತಂಕ ನನಗೆ ಅರ್ಥವಾಗುತ್ತದೆ. ವಿಶ್ವಾಸಿಗಳು ಗಿರಾಕಿಗಳಲ್ಲ, ಆರಾಧನೆ ಮಾರುವ ಸರಕಲ್ಲ. ಆದರೂ ಉದ್ಯಮ ಕಟ್ಟಿದವರು ಪೆಟ್ಟು ತಿಂದು ಕಲಿತ ಒಂದು ಪಾಠ ನಮ್ಮ ಸೇವಾ ತಂಡಗಳಿಗೆ ಬೇಕೇ ಬೇಕು. ಜವಾಬ್ದಾರಿ ಕೊಟ್ಟವರಿಗೆ ತೀರ್ಮಾನ ಮಾಡುವ ಹಕ್ಕನ್ನೂ ಕೊಡಬೇಕು.

ನಮ್ಮಲ್ಲಿ ಏನಾಗುತ್ತದೆ ನೋಡಿ. ಒಬ್ಬ ಹುಡುಗನನ್ನು ಕರೆದು "ಇನ್ನು ಯೂತ್ ಮೀಟಿಂಗ್ ನೀನೇ ನೋಡ್ಕೊಳಪ್ಪಾ" ಎನ್ನುತ್ತೇವೆ. ಅವನು ಖುಷಿಯಿಂದ ಒಪ್ಪುತ್ತಾನೆ. ಆದರೆ ಯಾವ ಹಾಡು, ಯಾರು ಮಾತಾಡಬೇಕು, ಎಷ್ಟು ಖರ್ಚು, ಎಲ್ಲವನ್ನೂ ಹಿರಿಯರನ್ನು ಕೇಳಿಯೇ ಮಾಡಬೇಕು. ಮೂರು ತಿಂಗಳಲ್ಲಿ ಅವನು ಸುಮ್ಮನಾಗುತ್ತಾನೆ. ಆಮೇಲೆ ನಾವೇ "ಈಗಿನ ಹುಡುಗರಿಗೆ ಸೇವೆಯ ಭಾರವೇ ಇಲ್ಲ" ಎಂದು ಬೇಜಾರು ಮಾಡಿಕೊಳ್ಳುತ್ತೇವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಆರು ವರ್ಷ ಸಂಡೇ ಸ್ಕೂಲ್ ನನ್ನ ಕೈಯಲ್ಲಿತ್ತು. ಯಾವ ತರಗತಿಗೆ ಯಾವ ಪಾಠ, ಯಾರು ಕಲಿಸಬೇಕು, ಎಲ್ಲ ನಾನೇ ಹೇಳುತ್ತಿದ್ದೆ. ಒಮ್ಮೆ ಕಾಯಿಲೆ ಬಿದ್ದು ಎರಡು ತಿಂಗಳು ಮನೆಯಲ್ಲೇ ಮಲಗಬೇಕಾಯಿತು. ಮೂರನೇ ಭಾನುವಾರದ ಹೊತ್ತಿಗೆ ತರಗತಿಗಳು ನಿಂತೇಹೋದವು. ಕಲಿಸುವವರು ಚೆನ್ನಾಗಿಯೇ ಕಲಿಸುತ್ತಿದ್ದರು. ನನ್ನನ್ನು ಕೇಳದೆ ಏನನ್ನಾದರೂ ಮಾಡಬಹುದು ಎಂದು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಇದನ್ನು ಯೋಚಿಸಿದಾಗ ಕಾಯಿಲೆಗಿಂತ ಅದೇ ಜಾಸ್ತಿ ನೋಯಿಸಿತು.

ಬೈಬಲಿನಲ್ಲಿ ಇಸ್ರಾಯೇಲ್ಯರನ್ನು ನಡೆಸಿದ ಮೋಶೆಗೂ ಇದೇ ಆಗಿತ್ತಲ್ವಾ? ಬೆಳಗಿನಿಂದ ಸಂಜೆಯ ತನಕ ಜನ ವ್ಯಾಜ್ಯ ಹಿಡಿದು ಅವನ ಮುಂದೆ ನಿಂತಿರುತ್ತಿದ್ದರು. ಅದನ್ನು ನೋಡಿದ ಮಾವ ಇತ್ರೋ, ಹೀಗೆ ಮಾಡಿದರೆ ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಎಂದ. ಹತ್ತು, ಐವತ್ತು, ನೂರು, ಸಾವಿರ ಮಂದಿಗೆ ಒಬ್ಬೊಬ್ಬರನ್ನು ನೇಮಿಸಲು ಹೇಳಿದ. ವಿಮೋಚನಕಾಂಡ 18ನೇ ಅಧ್ಯಾಯವನ್ನು ಮತ್ತೆ ಓದಿ. ಸಣ್ಣ ವ್ಯಾಜ್ಯಗಳನ್ನು ಅವರೇ ತೀರಿಸಬೇಕು, ದೊಡ್ಡವು ಮಾತ್ರ ಮೋಶೆಯ ಹತ್ತಿರ ಬರಬೇಕು ಎಂಬುದು ಆ ಸಲಹೆಯ ಜೀವ.

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನನಗೆ ಇನ್ನೂ ಇಷ್ಟ. ಮೊದಲ ಕ್ರೈಸ್ತ ಸಭೆಯಲ್ಲಿ ದಿನದ ಆಹಾರ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವ ಯೆಹೂದ್ಯರು ದೂರಿದರು. ಏಳು ಮಂದಿಯನ್ನು ನೀವೇ ಆರಿಸಿ ಎಂದು ಆ ಸಭೆಯನ್ನು ನಡೆಸುತ್ತಿದ್ದ ಅಪೊಸ್ತಲರು ಸಭೆಗೇ ಬಿಟ್ಟರು. ಸ್ತೆಫನ, ಫಿಲಿಪ್ಪ ಸೇರಿ ಆ ಏಳೂ ಗ್ರೀಕ್ ಹೆಸರುಗಳು! ನೋವು ಯಾರಿಗೆ ಹತ್ತಿರವಿತ್ತೋ ಅವರ ಕೈಗೇ ಕೆಲಸ ಹೋದಂತೆ ನನಗೆ ಕಾಣುತ್ತದೆ. ಒಳ್ಳೆಯ ಉದ್ಯಮಿಯೂ ಸಮಸ್ಯೆಯ ಪಕ್ಕದಲ್ಲೇ ನಿಂತವರ ಮಾತಿಗೆ ಮೊದಲು ಬೆಲೆ ಕೊಡುತ್ತಾನೆ.

ಸಣ್ಣದಾಗಿ ಶುರುಮಾಡಿ, ಏನಾಗುತ್ತದೆಂದು ಕಣ್ಣಿಟ್ಟು ನೋಡುವುದು ಇನ್ನೊಂದು ಗುಣ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟರೆಂಬ ಕ್ರೈಸ್ತರ ಮೇಲೆ ಕಟ್ಟಡದ ಸಾಲವಿತ್ತು. ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡುವುದು, ಸುಮಾರು ಹನ್ನೆರಡು ಜನರ ಗುಂಪಿಗೆ ಒಬ್ಬರು ಅದನ್ನು ವಸೂಲಿ ಮಾಡುವುದು ಎಂದಾಯಿತು. ಹಣಕ್ಕೆಂದು ಮನೆಗಳಿಗೆ ಹೋದವರಿಗೆ ಮನೆಯೊಳಗಿನ ಜಗಳ, ಕುಡಿತ ಕಣ್ಣಿಗೆ ಬಿತ್ತು. ಅವರ ನಾಯಕ ಜಾನ್ ವೆಸ್ಲಿ ಆ ವ್ಯವಸ್ಥೆಯನ್ನೇ ಜನರ ಆತ್ಮಿಕ ಆರೈಕೆಗೆ ತಿರುಗಿಸಿದರು. ಸಾಲ ತೀರಿಸಲು ಹುಟ್ಟಿದ ಗುಂಪುಗಳು ಮೆಥಡಿಸ್ಟ್ ಚಳವಳಿಯ ಬೆನ್ನೆಲುಬಾದವು. ಆ ಗುಂಪುಗಳನ್ನು ನಡೆಸಿದವರು ಸಾಮಾನ್ಯ ಸದಸ್ಯರು, ಅವರಲ್ಲಿ ಹೆಂಗಸರೂ ಇದ್ದರು.

ಹಾಗಂತ ಲೆಕ್ಕ ಕೇಳಬಾರದು ಅಂತಲ್ಲ. ಕಾಣಿಕೆಯ ಹಣ ದೇವರದ್ದು, ಅದಕ್ಕೆ ಚೀಟಿ, ರಸೀದಿ ಇರಲೇಬೇಕು. ಉಪದೇಶದ ವಿಷಯದಲ್ಲಿ ಸಭಾಪಾಲಕರ ಮಾತೇ ಕೊನೆಯದು. ಉಳಿದದ್ದನ್ನು ಬಿಟ್ಟುಕೊಡೋಣ.

ಉದ್ಯಮದಿಂದ ತರಲೇಬಾರದ್ದೂ ಇದೆ. ನೂರು ಸರಕಿನಲ್ಲಿ ಒಂದು ಹಾಳಾದರೆ ವ್ಯಾಪಾರಿ ನಷ್ಟದ ಲೆಕ್ಕಕ್ಕೆ ಬರೆದು ಮುಂದೆ ಹೋಗುತ್ತಾನೆ. ಯೇಸು ಹೇಳಿದ ಕುರುಬ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಆ ಒಂದನ್ನು ಹುಡುಕಿ ಹೋದ. ಹಾಜರಾತಿ ಎಷ್ಟು ಏರಿತು ಎಂದಷ್ಟೇ ನೋಡುವ ತಂಡಕ್ಕೆ ಆ ಒಂದು ಕುರಿ ಕಾಣುವುದೇ ಇಲ್ಲ. ಅಲ್ಲದೆ ನಮ್ಮ ತಂಡದವರು ಸಂಬಳಕ್ಕೆ ಬಂದವರಲ್ಲ. ವಾರವಿಡೀ ದುಡಿದು, ಉಳಿದ ಒಂದು ರಜಾ ದಿನವನ್ನು ಕೊಡುತ್ತಿದ್ದಾರೆ. ಅವರನ್ನು ಟಾರ್ಗೆಟ್ ಇಟ್ಟು ಓಡಿಸುವುದು ಅನ್ಯಾಯ.

ಕಾಯಿಲೆ ವಾಸಿಯಾದ ಮೇಲೆ ನಾನು ಪುಟ್ಟ ಮಕ್ಕಳ ತರಗತಿಯನ್ನು ಇಪ್ಪತ್ತು ವರ್ಷದ ಒಬ್ಬಳು ಹುಡುಗಿಗೆ ಪೂರ್ತಿ ಬಿಟ್ಟುಕೊಟ್ಟೆ. ಅವಳು ಬಾಯಿಪಾಠ ಕಡಿಮೆ ಮಾಡಿದಳು. ಮಕ್ಕಳಿಂದಲೇ ಕಥೆ ಹೇಳಿಸತೊಡಗಿದಳು. ನನಗೆ ಅದು ಹಿಡಿಸಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡಿದ್ದೆ, ಅದು ಸುಲಭವಿರಲಿಲ್ಲ. ಕಳೆದ ತಿಂಗಳು ಬಾಗಿಲ ಹತ್ತಿರ ನಿಂತು ನೋಡಿದೆ. ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹದಿನಾರರ ಒಬ್ಬ ಹುಡುಗ ಪಾಠ ಮಾಡುತ್ತಿದ್ದ. ಅವನನ್ನು ಯಾವಾಗ ತಯಾರು ಮಾಡಿದಳೋ, ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.