ತೆಲಿಪಿನುವಿನ ಶಾಸನ ವಿಫಲವಾಯಿತೆಂಬ ಮಾತು ನನಗೆ ಒಪ್ಪಿಗೆಯಿಲ್ಲ

ಪ್ರಾಚೀನ ಕಾಲದಲ್ಲಿ ಇಂದಿನ ತುರ್ಕಿಯ ನೆಲದಲ್ಲಿ ಆಳಿದ ಹಿಟ್ಟೈಟರ ಇತಿಹಾಸದ ಮಾತು ಬಂದಾಗ ಈಜಿಪ್ಟಿನ ವಿರುದ್ಧದ ಕಾದೇಶ್ ಯುದ್ಧಕ್ಕೂ ಆಮೇಲೆ ಅದರ ಜೊತೆ ಆದ ಶಾಂತಿ ಒಪ್ಪಂದಕ್ಕೂ ಸಿಗುವ ಗಮನ ತೆಲಿಪಿನು ಎಂಬ ಅರಸನಿಗೆ ಸಿಗುವುದಿಲ್ಲ. ಸಿಂಹಾಸನಕ್ಕೆ ಯಾರು ಬರಬೇಕೆಂದು ಅವನು ನಿಯಮ ಮಾಡಿದ, ಆಮೇಲೆಯೂ ಅರಸರ ಕೊಲೆಗಳು ನಡೆದವು, ಆದ್ದರಿಂದ ನಿಯಮ ವ್ಯರ್ಥವಾಯಿತು ಎಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕಳ್ಳತನ ನಿಲ್ಲಲಿಲ್ಲವೆಂಬ ಕಾರಣಕ್ಕೆ ಕಳ್ಳತನದ ವಿರುದ್ಧದ ಕಾನೂನನ್ನು ಯಾರೂ ವ್ಯರ್ಥವೆನ್ನುವುದಿಲ್ಲ. ಈ ಶಾಸನವನ್ನು ಮಾತ್ರ ಏಕೆ ಹಾಗೆ ಅಳೆಯಬೇಕು?

ಹಿಟ್ಟೈಟರ ರಾಜಧಾನಿ ಹತ್ತುಸ, ಇಂದಿನ ತುರ್ಕಿಯ ಬೊಗಾಜ್‌ಕೊಯ್ ಬಳಿ ಇತ್ತು. ಅಲ್ಲಿ 1906ರಲ್ಲಿ ಆರಂಭವಾದ ಉತ್ಖನನದಲ್ಲಿ ಸಾವಿರಾರು ಜೇಡಿಮಣ್ಣಿನ ಫಲಕಗಳು ದೊರೆತವು. ಅವುಗಳಲ್ಲಿ ಮೊದಲನೆಯ ಹತ್ತುಸಿಲಿಯ ಉಯಿಲು ಒಂದು. ತಾನು ಉತ್ತರಾಧಿಕಾರಿಯೆಂದು ಘೋಷಿಸಿದ್ದ ತಂಗಿಯ ಮಗನನ್ನು ನಿರ್ದಯಿಯೆಂದು ತಿರಸ್ಕರಿಸಿ, ಆ ತಂಗಿಯನ್ನೇ ಹಾವೆಂದು ಜರೆದು, ಇನ್ನೂ ಹುಡುಗನಾಗಿದ್ದ ಮುರ್ಸಿಲಿಯನ್ನು ಅರಸ ಅದರಲ್ಲಿ ಸಭೆಯ ಹಾಗೂ ಗಣ್ಯರ ಮುಂದೆ ವಾರಸುದಾರನೆಂದು ಸಾರುತ್ತಾನೆ. (ಆರಂಭದಲ್ಲಿ ಅಲ್ಲಿ ಅಳಿಯಸಂತಾನದಂಥ ಪದ್ಧತಿ ಇದ್ದಿರಬಹುದೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ, ನನಗೆ ಆ ವಾದ ಪೂರ್ಣ ಮನವರಿಕೆಯಾಗಿಲ್ಲ.) ಏನೇ ಇರಲಿ, ಆಗ ಅರಸನ ಇಷ್ಟವೇ ನಿಯಮವಾಗಿತ್ತು ಎಂಬುದಂತೂ ಸ್ಪಷ್ಟ.

ಆ ಮುರ್ಸಿಲಿ ಅಲೆಪ್ಪೊವನ್ನು ಗೆದ್ದು, ಬಾಬಿಲೋನಿನವರೆಗೆ ದಂಡೆತ್ತಿ ಹೋಗಿ ಹಮ್ಮುರಾಬಿಯ ವಂಶವನ್ನು ಕೊನೆಗಾಣಿಸಿ ಊರಿಗೆ ಮರಳಿದ. ಅವನನ್ನು ಕೊಂದವನು ಸ್ವಂತ ತಂಗಿಯ ಗಂಡ ಹಂತಿಲಿ. ಅದಕ್ಕೆ ಜೊತೆಯಾದವನು ಜಿದಂತ. ಮುಂದೆ ಅದೇ ಜಿದಂತ ಹಂತಿಲಿಯ ಮಗನನ್ನೂ ಮೊಮ್ಮಕ್ಕಳನ್ನೂ ಕೊಂದು ಅರಸನಾದ. ಜಿದಂತನನ್ನು ಮಗ ಅಮ್ಮುನ ಕೊಂದ. ಅಮ್ಮುನನ ನಂತರ ಎರಡು ಕುಟುಂಬಗಳು ಮಕ್ಕಳ ಸಮೇತ ನಾಶವಾದವು, ಹುಜ್ಜಿಯ ಎಂಬವನು ಪಟ್ಟಕ್ಕೆ ಬಂದ. ಹುಜ್ಜಿಯನ ಅಕ್ಕ ಇಷ್ಟಪರಿಯಳ ಗಂಡನೇ ತೆಲಿಪಿನು. ತಮ್ಮಿಬ್ಬರನ್ನೂ ಕೊಲ್ಲುವ ಸಂಚು ಬಯಲಾದಾಗ ಅವನು ಹುಜ್ಜಿಯನನ್ನು ಓಡಿಸಿ ತಾನೇ ಅರಸನಾದ. ಇದೆಲ್ಲ ನಮಗೆ ತಿಳಿದಿರುವುದು ಬಹುಪಾಲು ಅವನ ಶಾಸನದ ಪೀಠಿಕೆಯಿಂದಲೇ. ಗೆದ್ದವನು ಹೇಳಿದ ಕಥೆಯೆಂಬ ಎಚ್ಚರವಿಟ್ಟುಕೊಂಡೇ ಅದನ್ನು ಓದಬೇಕು.

ಕ್ರಿ.ಪೂ. 16ನೇ ಶತಮಾನದ ಕೊನೆಯ ಭಾಗದ ಈ ಶಾಸನದ ನಿಯಮ ಬಹಳ ಸರಳ. ಮೊದಲ ದರ್ಜೆಯ ರಾಣಿಯ ಮಗ ಅರಸನಾಗಬೇಕು; ಅಂಥ ಮಗನಿಲ್ಲದಿದ್ದರೆ ಎರಡನೆಯ ದರ್ಜೆಯವಳ ಮಗ; ಗಂಡುಮಕ್ಕಳೇ ಇಲ್ಲದಿದ್ದರೆ ಮೊದಲ ದರ್ಜೆಯ ಮಗಳಿಗೆ ಮನೆಯಳಿಯನನ್ನು ತಂದು ಅವನಿಗೆ ಪಟ್ಟ ಕಟ್ಟಬೇಕು. ಅರಸುಮನೆತನದ ಹೆಣ್ಣನ್ನು ಮದುವೆಯಾಗಿ ಸಿಂಹಾಸನವೇರಿದ್ದ ತೆಲಿಪಿನುವಿಗೆ ಮೂರನೆಯ ಮಾತು ಎಷ್ಟು ಅನುಕೂಲಕರವಾಗಿತ್ತೆಂದು ವಿವರಿಸಬೇಕಾಗಿಲ್ಲ. ಅವನ ನಂತರ ಪಟ್ಟಕ್ಕೆ ಬಂದ ಅಲ್ಲುವಮ್ನ ಕೂಡ ಅಳಿಯನೇ.

ಆದರೆ ನನ್ನ ದೃಷ್ಟಿಯಲ್ಲಿ ಶಾಸನದ ತಿರುಳಿರುವುದು ಅದರ ಮುಂದಿನ ಭಾಗದಲ್ಲಿ. ಒಡಹುಟ್ಟಿದವರಿಗೆ ಕೇಡು ಬಗೆದ ಅರಸನು ತನ್ನ ತಲೆಯಿಂದಲೇ ಅದಕ್ಕೆ ಉತ್ತರ ಕೊಡಬೇಕು, ‘ಪಂಕು’ ಎಂಬ ಸಭೆ ಅದನ್ನು ವಿಚಾರಿಸಬೇಕು, ಆದರೆ ತಪ್ಪಿತಸ್ಥನ ಮನೆಗೆ, ಹೆಂಡತಿಮಕ್ಕಳಿಗೆ, ಹೊಲತೋಟಗಳಿಗೆ ಕೈ ಹಚ್ಚಬಾರದು ಎಂದು ಅದು ವಿಧಿಸುತ್ತದೆ. ಮಕ್ಕಳನ್ನು ಬಿಟ್ಟರೆ ನಾಳೆ ಸೇಡಿಗೆ ಬರುತ್ತಾರೆಂಬ ಭಯದಿಂದಲೇ ಇಡೀ ಮನೆತನಗಳನ್ನು ಅಳಿಸುತ್ತಿದ್ದ ಅರಮನೆಯಲ್ಲಿ ಇಂಥ ಮಾತು ಬರೆಸಲು ಧೈರ್ಯ ಬೇಕಿತ್ತು. ತೆಲಿಪಿನು ಅದನ್ನು ತಕ್ಕಮಟ್ಟಿಗೆ ನಡೆಸಿಯೂ ತೋರಿಸಿದ. ಹುಜ್ಜಿಯನ ಐವರು ಸಹೋದರರಿಗೆ ಮನೆ ಕೊಟ್ಟು, ಉಂಡು ಕುಡಿದು ಇರಲಿ ಎಂದ. ಮರಣದಂಡನೆಗೆ ಗುರಿಯಾಗಿದ್ದ ಕೊಲೆಗಾರರಿಂದ ಆಯುಧ ಕಸಿದು, ನೊಗ ಕೊಟ್ಟು ಉಳುಮೆಗೆ ಹಚ್ಚಿದ.

ಮುಂದೆ ರಕ್ತ ಹರಿಯಲಿಲ್ಲವೇ? ಹರಿಯಿತು. ಎರಡನೆಯ ಹುಜ್ಜಿಯನನ್ನು ಮೊದಲನೆಯ ಮುವತಲ್ಲಿ ಕೊಂದ, ಅವನನ್ನು ಇನ್ನಿಬ್ಬರು ಕೊಂದರು. ಸಾಮ್ರಾಜ್ಯ ಕಟ್ಟಿದ ಮೊದಲನೆಯ ಸುಪ್ಪಿಲುಲಿಯುಮ ಪಟ್ಟಕ್ಕೆ ಬಂದದ್ದು ಕಿರಿಯ ತುದ್ಹಲಿಯನ ಹತ್ಯೆಯ ಮೇಲೆ. ಆದರೆ ಅವನ ಮಗ ಎರಡನೆಯ ಮುರ್ಸಿಲಿ, ನಾಡನ್ನು ಕಾಡುತ್ತಿದ್ದ ಸಾಂಕ್ರಾಮಿಕಕ್ಕೆ ಕಾರಣ ಹುಡುಕುತ್ತಾ, ತಂದೆಯ ಆ ಅಪರಾಧವನ್ನು ದೇವರ ಮುಂದೆ ಒಪ್ಪಿಕೊಳ್ಳುತ್ತಾನೆ.

ಶಾಸನದ ನಿಜವಾದ ಬಲ ಕಾಣುವುದು ಕ್ರಿ.ಪೂ. 13ನೇ ಶತಮಾನದಲ್ಲಿ. ಕಾದೇಶ್‌ನಲ್ಲಿ ಕಾದಿದ ಎರಡನೆಯ ಮುವತಲ್ಲಿಗೆ ಮೊದಲ ದರ್ಜೆಯ ಮಗನಿರಲಿಲ್ಲ. ಎರಡನೆಯ ದರ್ಜೆಯ ಮಗ ಉರ್ಹಿ-ತೆಶುಬ್ ಪಟ್ಟಕ್ಕೆ ಬಂದ. ಅವನನ್ನು ಇಳಿಸಿದವನು ಚಿಕ್ಕಪ್ಪ, ಮೂರನೆಯ ಹತ್ತುಸಿಲಿ. ಸೈನ್ಯ ಕೈಯಲ್ಲಿದ್ದವನು ಸುಮ್ಮನೆ ಆಳಬಹುದಿತ್ತು. ಆದರೆ ಅವನು ಉದ್ದನೆಯ ಸಮರ್ಥನೆ ಬರೆಸಿದ: ಅಣ್ಣನ ಆ ಮಗನನ್ನು ಪಟ್ಟಕ್ಕೆ ತಂದವನೇ ತಾನು, ಏಳು ವರ್ಷ ಅವಮಾನ ಸಹಿಸಿದವನು ತಾನು, ಕೊನೆಗೆ ತೀರ್ಪು ಕೊಟ್ಟವಳು ಸಮುಹ ಎಂಬ ಊರಿನ ಇಷ್ತಾರ್ ದೇವಿ. ಅಣ್ಣನ ಮಗನನ್ನು ಕೊಲ್ಲದೆ ಗಡೀಪಾರು ಮಾಡಿದ. ಈಜಿಪ್ಟಿನ ಅರಸ ರಾಮ್ಸೆಸ್ ಜೊತೆಗಿನ ಶಾಂತಿ ಒಪ್ಪಂದದಲ್ಲಿ ತನ್ನ ಮಗನ ಪಟ್ಟಕ್ಕೆ ಈಜಿಪ್ಟಿನ ಬೆಂಬಲದ ಕರಾರನ್ನೂ ಸೇರಿಸಿಕೊಂಡ. ಉಲ್ಲಂಘನೆಯೆಂದು ಗೊತ್ತಿರುವವನಿಗೆ ಮಾತ್ರ ಇಷ್ಟೊಂದು ಸಮಜಾಯಿಷಿ ಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ಅವನ ಮಗ ನಾಲ್ಕನೆಯ ತುದ್ಹಲಿಯ ಅಮುರ್ರು ಎಂಬ ಅಧೀನ ರಾಜ್ಯದ ಅರಸ ಶೌಷ್ಗಮುವನ ಜೊತೆ ಮಾಡಿಕೊಂಡ ಒಪ್ಪಂದ. ಅದರಲ್ಲಿ ಸೇಹಾ ನದಿ ನಾಡಿನ ಅರಸ ಮಸ್ತುರಿಯ ಹೆಸರು ಬರುತ್ತದೆ: ಮುವತಲ್ಲಿ ತನ್ನ ತಂಗಿಯನ್ನು ಕೊಟ್ಟು ಬೆಳೆಸಿದ ಈ ಮಸ್ತುರಿ, ಮುವತಲ್ಲಿಯ ಮಗನಿಗೆ ಕೈಕೊಟ್ಟು ಹತ್ತುಸಿಲಿಯ ಪಕ್ಷ ಸೇರಿದ, ನೀನು ಹಾಗೆ ಮಾಡಬೇಡ ಎಂದು ತುದ್ಹಲಿಯ ತನ್ನ ಬಾವನಿಗೆ ಎಚ್ಚರಿಸುತ್ತಾನೆ. ತಂದೆಗೆ ಸಿಂಹಾಸನ ದೊರಕಿಸಲು ನೆರವಾದವನನ್ನೇ ಮಗ ದ್ರೋಹಿಗಳ ಸಾಲಿಗೆ ಸೇರಿಸಿ ಫಲಕದಲ್ಲಿ ಬರೆಸಿದ್ದಾನೆ.