ನಂಚಿಕೊಳ್ಳೋಕೆ ಏನಿದೆ?

ಊಟಕ್ಕೆ ಕೂತರೆ ನಮ್ಮ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಸಾರು ಏನು ಅಂತಲ್ಲ, ನಂಚಿಕೊಳ್ಳೋಕೆ ಏನಿದೆ ಅಂತ. ಹಪ್ಪಳ ಇಲ್ಲದಿದ್ದರೆ ಸಂಡಿಗೆ, ಅದೂ ಮುಗಿದಿದ್ದರೆ ಉಪ್ಪಿನಕಾಯಿ, ಏನೂ ಇಲ್ಲದ ದಿನ ಒಂದು ಹಸಿ ಈರುಳ್ಳಿಯಾದರೂ ಬೇಕು. ಈ ಚಾಳಿ ಹೊತ್ತುಕೊಂಡೇ ಕೊರಿಯಾದಲ್ಲಿ ಓದುತ್ತಿರುವ ಮಗಳನ್ನು ನೋಡಲು ನಾನು ಮತ್ತು ನನ್ನಾಕೆ ಅಲ್ಲಿಗೆ ಹೋಗಿದ್ದೆವು. ರಾಜಧಾನಿ ಸೋಲ್ ತೋರಿಸಲು ಅವಳಿಗೆ ಸಿಕ್ಕಿದ್ದು ಒಂದೇ ದಿನದ ರಜ. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಅವರ ಸಂಪ್ರದಾಯದ ಊಟ ಅಂತ ಅವಳೇ ಗೊತ್ತು ಮಾಡಿದ್ದಳು.

ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಟಿಕೆಟ್ 3,000 ವೊನ್. ಹಾನ್‌ಬೊಕ್ ಅನ್ನೋ ಅವರ ಸಾಂಪ್ರದಾಯಿಕ ಉಡುಪು ಹಾಕಿಕೊಂಡು ಹೋದವರಿಗೆ ಪುಕ್ಕಟೆ. ಪುಕ್ಕಟೆ ಅಂದ ಕೂಡಲೇ ನಾನು ಹೂಂ ಅಂದೆ, ಆಮೇಲೆ ನೋಡಿದರೆ ಬಟ್ಟೆಯ ಬಾಡಿಗೆ ಟಿಕೆಟ್ಟಿನ ಎಷ್ಟೋ ಪಟ್ಟು! ಲೆಕ್ಕ ಹೇಳಲು ಬಾಯಿ ತೆರೆದೆ, ಮಗಳು ಕಣ್ಣಲ್ಲೇ ಸುಮ್ಮನಾಗಿಸಿದಳು. ನನ್ನಾಕೆ ಆಗಲೇ ಗಿಳಿಹಸಿರು ಲಂಗದಲ್ಲಿ ಕನ್ನಡಿ ಮುಂದೆ ತಿರುಗುತ್ತಿದ್ದಳು. ನನಗೆ ಸಿಕ್ಕಿದ್ದು ಒಂದು ಕರಿ ಜಾಲರಿ ಟೋಪಿ. ತಲೆಯೊಳಗೆ ಇಳಿಯುವುದಿಲ್ಲ, ಸುಮ್ನೆ ಮೇಲೆ ಕೂರುತ್ತದೆ, ಗದ್ದದ ಕೆಳಗೆ ದಾರ ಕಟ್ಟಿಕೊಳ್ಳಬೇಕು.

ಅರಮನೆ 1395ರದ್ದು. ಆದರೆ 1592ರಲ್ಲಿ ಜಪಾನಿನವರು ದಂಡೆತ್ತಿ ಬಂದಾಗ ಸುಟ್ಟುಹೋಗಿ, 1867ರವರೆಗೆ ಹಾಳುಬಿದ್ದಿತ್ತಂತೆ. ಮತ್ತೆ ಕಟ್ಟಿದ್ದನ್ನೂ ಜಪಾನಿನ ಆಳ್ವಿಕೆಯಲ್ಲಿ ಮುಕ್ಕಾಲುಪಾಲು ಕೆಡವಿದರು, ಈಗ ಒಂದೊಂದೇ ಕಟ್ಟಡ ಎಬ್ಬಿಸುತ್ತಿದ್ದಾರೆ. ಸಿಂಹಾಸನದ ಮುಂದಿನ ಅಂಗಳದಲ್ಲಿ ಎರಡು ಸಾಲು ಚಿಕ್ಕ ಕಲ್ಲುಗಳಿವೆ. ಯಾವ ದರ್ಜೆಯ ಅಧಿಕಾರಿ ಎಲ್ಲಿ ನಿಲ್ಲಬೇಕು ಅಂತ ಅದರ ಮೇಲೆ ಕೆತ್ತಿದೆ. ಮೊದಲ ದರ್ಜೆಯ ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ನಿವೃತ್ತಿಯವರೆಗೂ ಸಿಗದ ಬಡ್ತಿ ಬಾಡಿಗೆ ಟೋಪಿಯಲ್ಲಿ ಸಿಕ್ಕಿತು.

ಅಷ್ಟರಲ್ಲಿ ಹಿಂದಿನಿಂದ ಯಾರೋ "ಅಪ್ಪಾ!" ಅಂತ ಕೂಗಿದರು. ತಿರುಗಿದೆ. ನಾಲ್ಕು ವರ್ಷದ ಪುಟ್ಟ ಹುಡುಗಿ, ಕೆಂಪು ಲಂಗ ಎತ್ತಿಕೊಂಡು, ನನ್ನನ್ನು ದಾಟಿ ತನ್ನ ಅಪ್ಪನ ಹತ್ತಿರ ಓಡಿತು. ಅವರ ಭಾಷೆಯಲ್ಲೂ ಅಪ್ಪನಿಗೆ ಅಪ್ಪಾ ಅಂತಲೇ ಅನ್ನುತ್ತಾರೆ, ಅಮ್ಮನಿಗೆ ಒಮ್ಮಾ. ಮಗಳಿಗೆ ಇದು ಮೊದಲೇ ಗೊತ್ತಿತ್ತು. "ಶುರುವಿನಲ್ಲಿ ನಾನೂ ಬಸ್ಸಲ್ಲಿ ಎಷ್ಟು ಸಲ ತಿರುಗಿ ನೋಡಿದ್ದೀನಿ ಗೊತ್ತಾ ಅಪ್ಪ" ಅಂದಳು. ಅವಳು ಅದನ್ನು ನಕ್ಕೇ ಹೇಳಿದಳು. ನಾನು ಟೋಪಿಯ ದಾರ ಸರಿಮಾಡಿಕೊಂಡೆ.

ಹೊರಗೆ ದೊಡ್ಡ ಬೀದಿಯಲ್ಲಿ ಸೆಜೊಂಗ್ ರಾಜನ ಪ್ರತಿಮೆ ಇದೆ. ಕೊರಿಯನ್ನರ ಲಿಪಿ ಮಾಡಿಸಿ 1446ರಲ್ಲಿ ಜನರಿಗೆ ಕೊಟ್ಟವನು. ಈಗ ಬಳಕೆಯಲ್ಲಿರುವುದು 24 ಅಕ್ಷರ, ವ್ಯಂಜನಕ್ಕೆ ಸ್ವರ ಜೋಡಿಸಿ ಒಂದೊಂದು ಗೂಡು ಕಟ್ಟುತ್ತಾರೆ, ಹೆಚ್ಚುಕಡಿಮೆ ನಮ್ಮ ಕಾಗುಣಿತದ ಹಾಗೆ. ಊಟದ ಜಾಗ ತಲುಪುವಷ್ಟರಲ್ಲಿ ನಾನು ಎರಡು ಬೋರ್ಡು ಓದಿದ್ದೆ, ಒಂದು ತಪ್ಪಾಗಿ.

ನಾವು ಸಸ್ಯಾಹಾರಿಗಳು. ಕಿಮ್ಚಿ ಎಲೆಕೋಸಿನದು ತಾನೇ ಅಂತ ಹಿಂದಿನ ದಿನ ಒಂದು ಕಡೆ ಧಾರಾಳವಾಗಿ ತಿಂದಿದ್ದೆ. ಅದಕ್ಕೆ ಸಾಮಾನ್ಯವಾಗಿ ಉಪ್ಪಲ್ಲಿಟ್ಟ ಸಿಗಡಿಯನ್ನೋ ಮೀನಿನ ರಸವನ್ನೋ ಹಾಕುತ್ತಾರೆ ಅಂತ ರಾತ್ರಿ ತಿಳಿಯಿತು. ಅದಕ್ಕೇ ಮಗಳು ಈ ಸಲ ಬೌದ್ಧ ಮಠದ ಅಡುಗೆ ಮಾಡುವ ಕಡೆ ಕರೆದುಕೊಂಡು ಹೋದಳು. ಅಲ್ಲಿ ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನನ್ನಾಕೆಗೆ ಮುಖ ಅರಳಿತು, ಮಡಿ ಅಡುಗೆ ಅಂದಳು. ಆದರೆ ಭಿಕ್ಷುಗಳು ಬಿಡಬೇಕಾದ ಐದು ಪದಾರ್ಥಗಳ ಹಳೇ ಪಟ್ಟಿಯಲ್ಲಿ ಇಂಗೂ ಇದೆ ಅಂತ ಮಗಳು ಹೇಳಿದಾಗ ಇಬ್ಬರೂ ದಂಗಾದೆವು. ಈರುಳ್ಳಿ ಬೆಳ್ಳುಳ್ಳಿ ಬಿಡೋಣ, ಆದರೆ ಅವೆರಡನ್ನೂ ಬಿಟ್ಟವರಿಗೆ ಇರುವ ಒಂದೇ ಆಸರೆ ಇಂಗು, ಅದನ್ನೂ ಬಿಟ್ಟರೆ ತಿನ್ನೋದು ಏನನ್ನ?

ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತೆವು. ಬಂದವು ನೋಡಿ ಬಟ್ಟಲುಗಳು. ಬಾಂಚಾನ್ ಅಂತಾರೆ. ಅನ್ನ ಒಂದು, ಉಳಿದದ್ದೆಲ್ಲ ನಂಚಿಕೊಳ್ಳೋಕೆ! ಸೋಯಾ ಮೊಳಕೆ, ತೋಫು, ಕಮಲದ ಬೇರಿನ ಬಿಲ್ಲೆ, ಎಳ್ಳೆಣ್ಣೆಯಲ್ಲಿ ಹೊರಳಿಸಿದ ಸೊಪ್ಪು. ಒಂದು ಬಟ್ಟಲಲ್ಲಿ ಕಂದು ಬಣ್ಣದ ದಂಟು ಇತ್ತು, ಗೊಸಾರಿ, ಜರೀಗಿಡದ ಎಳೆ ಚಿಗುರು. ಕೊಡಗಿನ ತೆರ್ಮೆ ಸೊಪ್ಪು ತಿಂದವರಿಗೆ ಪರಿಚಯ ಹೇಳಬೇಕಿಲ್ಲ. ಕಷ್ಟ ಇದ್ದದ್ದು ಕಡ್ಡಿಗಳದ್ದು. ಇಲ್ಲಿನವು ಉಕ್ಕಿನವು, ಚಪ್ಪಟೆ, ಜಾರುತ್ತವೆ. ಒಂದು ಮೊಳಕೆಕಾಳನ್ನು ಮೂರು ಸಲ ಎತ್ತಿದೆ, ಮೂರು ಸಲವೂ ಅದು ಬಟ್ಟಲಿಗೇ ವಾಪಸ್ಸಾಯಿತು. ಕೊನೆಗೆ ಮಗಳು ಚಮಚ ಮುಂದೆ ತಳ್ಳಿದಳು.

ಹಳೇ ಕಾಲದಲ್ಲಿ ಬಟ್ಟಲ ಲೆಕ್ಕಕ್ಕೂ ಅಂತಸ್ತು ಇತ್ತು. ಮೂರು, ಐದು, ಏಳು, ಒಂಬತ್ತು, ರಾಜನಿಗೆ ಹನ್ನೆರಡು. ಅನ್ನ, ಸಾರು, ಕಿಮ್ಚಿ ಆ ಲೆಕ್ಕಕ್ಕೇ ಬರುವುದಿಲ್ಲ. ನಾವೂ ಎಲೆ ತುದಿಯ ಉಪ್ಪು, ಉಪ್ಪಿನಕಾಯಿಯನ್ನು ಎಣಿಸುವುದಿಲ್ಲ, ಅಲ್ವಾ? ನಮ್ಮ ಮುಂದಿದ್ದವನ್ನು ನನ್ನಾಕೆ ಎಣಿಸಿದಳು. ಹನ್ನೊಂದು. ಬಟ್ಟಲು ಖಾಲಿಯಾದರೆ ಮತ್ತೆ ತಂದಿಡುತ್ತಾರೆ, ಬಿಲ್ಲಿಗೆ ಸೇರಿಸುವುದಿಲ್ಲ. ಮೊದಲೇ ಗೊತ್ತಿದ್ದರೆ ಬೆಳಗಿನ ಬಾಡಿಗೆ ಬಟ್ಟೆಯ ಬಗ್ಗೆ ಅಷ್ಟು ಕೊರಗುತ್ತಿರಲಿಲ್ಲ.

ಅನ್ನ ಬೇಯಿಸಿದ ಕಲ್ಲಿನ ಮಡಕೆಯನ್ನೇ ತಂದಿಟ್ಟಿದ್ದರು. ಅನ್ನ ಬಟ್ಟಲಿಗೆ ತೋಡಿಕೊಂಡ ಮೇಲೆ ತಳದಲ್ಲಿ ಹೊಂಬಣ್ಣದ ಅನ್ನದ ಪದರ ಅಂಟಿಕೊಂಡಿತ್ತು. ಮಗಳು ಅದಕ್ಕೆ ಬಿಸಿನೀರು ಸುರಿದು ಮುಚ್ಚಿಟ್ಟಳು. ಊಟ ಮುಗಿಯುವಷ್ಟರಲ್ಲಿ ಅದು ನೆನೆದು, ಗಂಜಿಯ ಹಾಗೆ ತೆಳ್ಳಗೆ, ಹುರಿದಕ್ಕಿಯ ವಾಸನೆ ಬರುತ್ತಿತ್ತು. ಮುಚ್ಚಳ ತೆಗೆದವಳೇ ನನ್ನಾಕೆ ಒಂದು ಕ್ಷಣ ಸುಮ್ಮನಾದಳು. ತಳ ಹತ್ತಿದ ಅನ್ನಕ್ಕಾಗಿ ನನ್ನಮ್ಮನ ಕೈಲಿ ಮದುವೆಯಾದ ಹೊಸದರಲ್ಲಿ ಅವಳು ಎಷ್ಟು ಬೈಸಿಕೊಂಡಿದ್ದಳೋ!

"ನೋಡಿ, ಇಲ್ಲಿ ಬೇಕಂತಲೇ ತಳ ಹತ್ತಿಸ್ತಾರೆ" ಅಂದಳು.

ನಾನು ಬಟ್ಟಲು ಮುಂದೆ ಮಾಡಿ, ಇದಕ್ಕೆ ನಂಚಿಕೊಳ್ಳೋಕೆ ಏನಿದೆ ಅಂತ ಕೇಳಿದೆ.