ಬೆಸ ವರ್ಷದ ಲಕೋಟೆ

ನಾವಿರುವ ವಾಷಿಂಗ್ಟನ್ ರಾಜ್ಯದಲ್ಲಿ ವೋಟು ಹಾಕಲು ಮನೆಯಿಂದ ಆಚೆ ಕಾಲಿಡಬೇಕಾಗಿಲ್ಲ. (ಅಧ್ಯಕ್ಷರಿರುವ ವಾಷಿಂಗ್ಟನ್ ಅಲ್ಲ, ಸಿಯಾಟಲ್ ಇರುವ ವಾಷಿಂಗ್ಟನ್. ಊರಿನ ನೆಂಟರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.) ಚುನಾವಣೆಗೆ 18 ದಿನ ಮೊದಲೇ ಮತಪತ್ರ ಅಂಚೆಯಲ್ಲಿ ಹೊರಡುತ್ತದೆ. ಗುರುತು ಮಾಡಿ, ಲಕೋಟೆ ಮೇಲೆ ಸಹಿ ಹಾಕಿ, ವಾಪಸ್ ಕಳಿಸಿದರೆ ಮುಗಿಯಿತು. ಸ್ಟ್ಯಾಂಪು ಕೂಡ ಅಂಟಿಸಬೇಕಿಲ್ಲ. ರಜೆ ಹಾಕಬೇಕಿಲ್ಲ, ಬಿಸಿಲಲ್ಲಿ ಕ್ಯೂ ನಿಲ್ಲಬೇಕಿಲ್ಲ.

ಇಷ್ಟು ಸಲೀಸಾಗಿರುವಾಗ ಎಲ್ಲರೂ ಹಾಕಬೇಕು ಅಲ್ವಾ? 2024ರ ನವೆಂಬರ್‌ನಲ್ಲಿ, ಅಧ್ಯಕ್ಷರ ಚುನಾವಣೆಗೆ, ರಾಜ್ಯದ ನೋಂದಾಯಿತ ಮತದಾರರಲ್ಲಿ ಸುಮಾರು ಶೇ. 79ರಷ್ಟು ಜನ ಹಾಕಿದರು. ಅದರ ಹಿಂದಿನ ನವೆಂಬರ್‌ನಲ್ಲಿ, ಅಂದರೆ ಸ್ಥಳೀಯ ಹುದ್ದೆಗಳ ಚುನಾವಣೆ ನಡೆಯುವ ಬೆಸ ವರ್ಷ 2023ರಲ್ಲಿ, ಹಾಕಿದವರು ಶೇ. 36ರ ಆಸುಪಾಸು. ಅದೇ ಜನ, ಅದೇ ಅಂಚೆ, ಅದೇ ಲಕೋಟೆ. ಅಧ್ಯಕ್ಷರ ಹೆಸರು ಇಲ್ಲ ಅಂದ ಕೂಡಲೇ ಅರ್ಧಕ್ಕಿಂತ ಜಾಸ್ತಿ ಜನ ನಾಪತ್ತೆ.

ಬೇರೆಯವರ ವಿಷಯ ನನಗೆ ಬೇಡ. ನನ್ನ ತಕರಾರು ಸಿಯಾಟಲ್ ಪಕ್ಕದ ರೆಡ್ಮಂಡ್, ಬಾಥೆಲ್, ಸಮಾಮಿಶ್ ಕಡೆ ಮನೆ ಮಾಡಿಕೊಂಡಿರುವ ನಮ್ಮವರ ಮೇಲೆ. ಬೆಂಗಳೂರಿನ ಮೆಟ್ರೋ ಬಗ್ಗೆ, ಗ್ಯಾರಂಟಿ ಯೋಜನೆಗಳ ಬಗ್ಗೆ, ಮುಂದಿನ ಮುಖ್ಯಮಂತ್ರಿ ಯಾರು ಅನ್ನುವುದರ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಒಂದು ಗಂಟೆಯವರೆಗೂ ಜಗಳ ನಡೆಯುತ್ತದೆ. ನಮ್ಮ ಸ್ಕೂಲ್ ಬೋರ್ಡಿಗೆ ಈ ಸಲ ಯಾರ್ಯಾರು ನಿಂತಿದ್ದಾರೆ ಅಂತ ಒಂದು ಪ್ರಶ್ನೆ ಹಾಕಿ ನೋಡಿ. ಗುಂಪು ಗಪ್‌ಚುಪ್.

ಈ ವೋಟು ನಮಗೆ ಸುಮ್ನೆ ಸಿಕ್ಕಿದ್ದಲ್ಲ. ಎಚ್-1ಬಿ ಕೆಲಸದ ವೀಸಾ ಮೇಲೆ ಬಂದು, ಗ್ರೀನ್ ಕಾರ್ಡಿನ ಸರದಿಯಲ್ಲಿ ತಲೆ ಬೆಳ್ಳಗಾದವರು ಎಷ್ಟು ಜನ ಇದ್ದಾರೆ. ಅಷ್ಟೂ ವರ್ಷ ಇಲ್ಲಿ ತೆರಿಗೆ ಕಟ್ಟಿದರೂ ಇಲ್ಲಿ ವೋಟಿಲ್ಲ. ಅಲ್ಲಿ? ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು 2011ರಿಂದ ಫಾರಂ 6ಎ ತುಂಬಿ ಊರಿನ ಪಟ್ಟಿಗೆ ಹೆಸರು ಸೇರಿಸಬಹುದು. ಆದರೆ ವೋಟು ಹಾಕಲು ಖುದ್ದಾಗಿ ಆ ಮತಗಟ್ಟೆಗೇ ಹೋಗಬೇಕು. ಮೇ ತಿಂಗಳ ಟಿಕೆಟ್ ದರ ನೋಡಿದವರು ಯಾರೂ ಹೋಗುವುದಿಲ್ಲ. ಆಮೇಲೆ ಒಂದು ದಿನ ಇಲ್ಲಿಯ ಪೌರತ್ವದ ಪ್ರಮಾಣವಚನ ತೆಗೆದುಕೊಂಡರೆ ಊರಿನ ವೋಟು ಪೂರ್ತಿ ಹೋಯಿತು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡಿನಲ್ಲಿ ಅಲ್ಲಿ ಮನೆ ಕೊಳ್ಳಬಹುದು, ಮತ ಹಾಕುವ ಹಾಗಿಲ್ಲ. ಅಂದರೆ ಉಳಿದಿರುವುದು ಇದೊಂದೇ. ಅದನ್ನೂ ಕಾಸ್ಟ್‌ಕೋ ಕೂಪನ್ ಪುಸ್ತಕದ ಕೆಳಗೆ ಹಾಕಿ ಮರೆತುಬಿಡುವುದಾ?

ಹೆಸರು ನೋಂದಾಯಿಸುವುದು ಇಲ್ಲಿ ಕಷ್ಟವೇ ಅಲ್ಲ. ರಾಜ್ಯದ ಡ್ರೈವಿಂಗ್ ಲೈಸೆನ್ಸ್ ನಂಬರ್ ಇದ್ದರೆ ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಚುನಾವಣೆಗೆ ಎಂಟು ದಿನ ಮೊದಲಿನವರೆಗೂ ಆನ್‌ಲೈನ್ ನಡೆಯುತ್ತದೆ. ಅದೂ ತಪ್ಪಿದರೆ ಚುನಾವಣೆ ದಿನ ರಾತ್ರಿ ಎಂಟರೊಳಗೆ ಕೌಂಟಿಯ (ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ) ಕೇಂದ್ರಕ್ಕೆ ಹೋಗಿ, ಹೆಸರು ಸೇರಿಸಿ, ಅಲ್ಲೇ ವೋಟು ಹಾಕಿ ಬರಬಹುದು. ಹೆಸರು ಬಿಟ್ಟುಹೋಗಿದೆ ಅಂತ ಮತಗಟ್ಟೆ ಮುಂದೆ ಕೂಗಾಡುವ ದೃಶ್ಯ ಇಲ್ಲಿ ಇಲ್ಲ. ಮನೆ ಬದಲಾಯಿಸಿದವರು ಮಾತ್ರ ವಿಳಾಸ ತಿದ್ದಿಸಿಕೊಳ್ಳಿ. ಮತಪತ್ರವನ್ನು ಅಂಚೆಯವರು ಹೊಸ ವಿಳಾಸಕ್ಕೆ ಕಳಿಸಿಕೊಡುವುದಿಲ್ಲ.

ಇನ್ನೊಂದು ಮಾತು, ಇದು ಗ್ರೀನ್ ಕಾರ್ಡ್ ಇರುವವರಿಗೆ. ಲೈಸೆನ್ಸ್ ಮಾಡಿಸಲು ಹೋದಾಗ ವೋಟರ್ ನೋಂದಣಿ ಬೇಕಾ ಅಂತ ಕೇಳಿದರೆ ತಲೆಯಾಡಿಸಬೇಡಿ. ನಾಗರಿಕರು ಅನ್ನುವ ಚೌಕದಲ್ಲಿ ಅವಸರದಲ್ಲಿ ಒಂದು ಟಿಕ್ ಬಿದ್ದರೂ ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು, ಗಡೀಪಾರಿನವರೆಗೂ ಹೋಗಬಹುದು. ಗೊತ್ತಿಲ್ಲದೆ ಮಾಡಿದೆ ಅಂದರೆ ಬಿಟ್ಟುಬಿಡುತ್ತಾರೆ ಅಂತ ನಂಬಿಕೊಂಡು ಕೂರಬೇಡಿ.

ಸರಿ, ಮತಪತ್ರಕ್ಕೆ ಬರೋಣ. 2024ರದ್ದನ್ನು ಬಿಡಿಸಿದವರಿಗೆ ನೆನಪಿರಬೇಕು, ಮೇಲುಗಡೆ ಅಧ್ಯಕ್ಷರ ಹೆಸರೇ ಇರಲಿಲ್ಲ. ಮೊದಲು ನಾಲ್ಕು ಇನಿಶಿಯೇಟಿವ್‌ಗಳು, ಅಂದರೆ ಕಾನೂನಿನ ಬಗ್ಗೆ ಜನರನ್ನೇ ನೇರವಾಗಿ ಕೇಳುವ ಪ್ರಶ್ನೆಗಳು. 2109ನೇ ನಂಬರಿನದು, ಶೇರು ಮಾರಿದ ಲಾಭದ ಮೇಲಿನ ತೆರಿಗೆ ತೆಗೆಯಬೇಕಾ ಅಂತ. 2117ನೇ ನಂಬರಿನದು, ಮಾಲಿನ್ಯಕ್ಕೆ ಬೆಲೆ ಕಟ್ಟುವ ಹವಾಮಾನ ಕಾನೂನು ರದ್ದು ಮಾಡಬೇಕಾ ಅಂತ. ಇಲ್ಲಿ ‘ಹೌದು’ ಅಂದರೆ ಕಾನೂನು ಬೇಡ, ‘ಇಲ್ಲ’ ಅಂದರೆ ಕಾನೂನು ಇರಲಿ. ಪರಿಸರದ ಹೆಸರು ಕಂಡ ಕೂಡಲೇ ‘ಹೌದು’ ತುಂಬಿದವರು ತಾವು ಅಂದುಕೊಂಡಿದ್ದಕ್ಕೆ ಉಲ್ಟಾ ಹಾಕಿರುತ್ತಾರೆ. ಆ ಎರಡೂ ಸೋತವು, ಅದು ಬೇರೆ ಮಾತು. ಸರ್ಕಾರ ಮನೆಮನೆಗೆ ಕಳಿಸುವ ಮತದಾರರ ಕೈಪಿಡಿಯಲ್ಲಿ ಎರಡೂ ಕಡೆಯವರ ವಾದ, ಒಬ್ಬರಿಗೊಬ್ಬರ ಉತ್ತರ ಎಲ್ಲ ಅಚ್ಚಾಗಿರುತ್ತದೆ. ಓದಲು ಒಂದು ಸಂಜೆ ಬೇಕು. ವೋಟು ಹಾಕುವುದರಲ್ಲಿ ನಿಜವಾಗಿ ಕಷ್ಟ ಅಂತ ಇದ್ದರೆ ಅದೊಂದೇ.

ಕೆಳಗೆ ಹೋದ ಹಾಗೆ ಕಮಿಷನರುಗಳು, ನ್ಯಾಯಾಧೀಶರು. ನಮ್ಮವರು ಪೆನ್ನು ಎತ್ತಿಬಿಡುವುದು ಇಲ್ಲೇ. ಒಬ್ಬರು ಹೇಳಿದರು, ‘ಪಬ್ಲಿಕ್ ಲ್ಯಾಂಡ್ಸ್ ಕಮಿಷನರ್ ಯಾರಾದರೆ ನನಗೇನು ಸ್ವಾಮಿ?’ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದು ಹೊಗೆಗೆ ಕಿಟಕಿ ಮುಚ್ಚಿಕೊಂಡು ಕೂರುತ್ತೇವಲ್ಲ, ಆ ಬೆಂಕಿ ಆರಿಸುವ ಇಲಾಖೆ ಅವರ ಕೈಯಲ್ಲಿರುವುದು. 2024ರ ಆಗಸ್ಟ್ ಪ್ರೈಮರಿಯಲ್ಲಿ, ಅಂದರೆ ಮೊದಲ ಇಬ್ಬರನ್ನು ಮಾತ್ರ ನವೆಂಬರ್‌ಗೆ ಕಳಿಸುವ ಮೊದಲ ಸುತ್ತಿನಲ್ಲಿ, ಇದೇ ಹುದ್ದೆಗೆ ಎರಡನೇ ಸ್ಥಾನ ಯಾರಿಗೆ ಅನ್ನುವುದು, ಇಡೀ ರಾಜ್ಯದಲ್ಲಿ ಮರುಎಣಿಕೆ ಮಾಡಿದ ಮೇಲೆ, 49 ವೋಟಿನಲ್ಲಿ ತೀರ್ಮಾನವಾಯಿತು. ಹಾಗೆ ಕೂದಲೆಳೆಯಲ್ಲಿ ಮುಂದೆ ಹೋದ ಡೇವ್ ಅಪ್‌ದಗ್ರೋವ್ ನವೆಂಬರ್‌ನಲ್ಲಿ ಗೆದ್ದೂ ಬಿಟ್ಟರು. ನಮ್ಮ ರಾಜ್ಯೋತ್ಸವದ ಊಟಕ್ಕೆ ಆ 49ಕ್ಕಿಂತ ಜಾಸ್ತಿ ಜನ ಬರುತ್ತಾರೆ.

ಬೆಸ ವರ್ಷದಲ್ಲಿ ಏನಿರುತ್ತದೆ ಅನ್ನುವವರಿಗೆ 2017 ನೆನಪಿಸುತ್ತೇನೆ. ರೆಡ್ಮಂಡ್, ಕರ್ಕ್‌ಲ್ಯಾಂಡ್, ಸಮಾಮಿಶ್ ಭಾಗಗಳಿರುವ 45ನೇ ಕ್ಷೇತ್ರದಲ್ಲಿ ರಾಜ್ಯದ ಮೇಲ್ಮನೆ ಸೆನೆಟ್‌ನ ಒಂದೇ ಒಂದು ಸೀಟಿಗೆ ಉಪಚುನಾವಣೆ. ಭೋಪಾಲ್‌ನಲ್ಲಿ ಹುಟ್ಟಿದ ಮಂಕಾ ಧಿಂಗ್ರಾ ಗೆದ್ದರು, ಸೆನೆಟ್ ರಿಪಬ್ಲಿಕನ್ನರ ಹಿಡಿತದಿಂದ ಡೆಮಾಕ್ರಟರ ಕಡೆಗೆ ಹೋಯಿತು. ನಿಮಗೆ ಅದು ಖುಷಿಯೋ ಬೇಜಾರೋ ನಿಮಗೆ ಬಿಟ್ಟಿದ್ದು. ರಾಜ್ಯದ ದಿಕ್ಕು ಬದಲಾಗಿದ್ದು ನಮ್ಮ ಬೀದಿಯ ಲಕೋಟೆಗಳಿಂದ ಅನ್ನುವುದಂತೂ ನಿಜ.

ಅದಕ್ಕಿಂತ ಹತ್ತಿರದ್ದು ಸ್ಕೂಲ್ ಬಾಂಡ್. ನಾವೆಲ್ಲ ಮನೆ ಕೊಳ್ಳುವಾಗ ಅಡುಗೆಮನೆಗಿಂತ ಮೊದಲು ನೋಡಿದ್ದು ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಮನೆ ಯಾವ ಶಾಲೆಗಳ ವ್ಯಾಪ್ತಿಗೆ ಬರುತ್ತದೆ ಅಂತ. ಈ ರಾಜ್ಯದಲ್ಲಿ ಹೊಸ ಶಾಲೆ ಕಟ್ಟಲು ಬಾಂಡ್, ಅಂದರೆ ಆಸ್ತಿ ತೆರಿಗೆಯಿಂದ ತೀರಿಸುವ ಸಾಲ, ಎತ್ತಬೇಕಾದರೆ ಶೇ. 60 ಜನ ಒಪ್ಪಬೇಕು. 2014ರಲ್ಲಿ ಲೇಕ್ ವಾಷಿಂಗ್ಟನ್ ಡಿಸ್ಟ್ರಿಕ್ಟಿನವರು ಫೆಬ್ರವರಿಯಲ್ಲಿ ಒಂದು ಸಲ, ಏಪ್ರಿಲ್‌ನಲ್ಲಿ ಇನ್ನೊಂದು ಸಲ ಕೇಳಿದರು. ಎರಡು ಸಲವೂ ಅರ್ಧಕ್ಕಿಂತ ಜಾಸ್ತಿ ಜನ ‘ಹೌದು’ ಅಂದರು, ಎರಡು ಸಲವೂ ಬಿದ್ದುಹೋಯಿತು. ಪಾಸಾಗಿದ್ದು 2016ರಲ್ಲಿ. ಅಷ್ಟರಲ್ಲಿ ಮಕ್ಕಳು ಪೋರ್ಟಬಲ್, ಅಂದರೆ ತಾತ್ಕಾಲಿಕ ಕೊಠಡಿಗಳಲ್ಲಿ ಕೂತು ಓದುತ್ತಿದ್ದರು. ಆಸ್ತಿ ತೆರಿಗೆ ಜಾಸ್ತಿಯಾಗುತ್ತದೆ ಅಂತ ‘ಬೇಡ’ ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ, ಅದೂ ಒಂದು ಲೆಕ್ಕ. ‘ಹೌದು’ ಅನ್ನದೆ, ‘ಬೇಡ’ವೂ ಅನ್ನದೆ, ಆಮೇಲೆ ಪೋರ್ಟಬಲ್ ಬಗ್ಗೆ ಪಿಟಿಎ ಮೀಟಿಂಗಿನಲ್ಲಿ ಗೊಣಗುವವರನ್ನು ಕಂಡರೆ ಮಾತ್ರ ಆಗುವುದಿಲ್ಲ.

ಮನೆಗೇ ಮತಪತ್ರ ಬರುವುದರಲ್ಲಿ ಒಂದು ಕೊರತೆ ಇದೆ, ಅದನ್ನು ಯಾರೂ ಮಾತಾಡುವುದಿಲ್ಲ. ನಮ್ಮ ಮನೆಗಳಲ್ಲಿ ನಾಲ್ಕು ಲಕೋಟೆ ಬಂದರೆ ಎಷ್ಟೋ ಕಡೆ ತುಂಬುವುದು ಒಂದೇ ಕೈ. ಹೆಂಡತಿ, ವಯಸ್ಸಾದ ತಂದೆ ತಾಯಿ, 18 ದಾಟಿದ ಮಗಳು ಎಲ್ಲರೂ ಕೊನೆಗೆ ಸಹಿ ಮಾತ್ರ ಮಾಡುತ್ತಾರೆ. ನಮ್ಮ ಅಮ್ಮನೂ ಮತಪತ್ರ ನನ್ನ ಮುಂದೆ ತಳ್ಳಿದರು. ‘ನೀನೇ ತುಂಬಿಬಿಡು ಮಗಾ, ನಂಗೇನ್ ಗೊತ್ತಾಗತ್ತೆ ಇದೆಲ್ಲ.’

‘ಊರಲ್ಲಿ ಪಂಚಾಯ್ತಿ ಎಲೆಕ್ಷನ್‌ಗೆ ಅಪ್ಪ ಹೇಳ್ದವರಿಗೇ ಹಾಕ್ತಿದ್ಯಾ ಅಮ್ಮ?’

ಅಮ್ಮ ನಕ್ಕುಬಿಟ್ಟರು. ‘ಅವ್ರು ಹೇಳೋರು, ನಾನು ಹೂಂ ಅನ್ನೋಳು. ಒಳಗಡೆ ಹೋದ್ಮೇಲೆ ನಂಗ್ ಇಷ್ಟ ಬಂದೋರಿಗೆ ಒತ್ತೋಳು. ಅಲ್ಲಿ ಯಾರ್ ನೋಡ್ತಾರೆ?’

ಆ ರಟ್ಟಿನ ಮರೆ ಇಲ್ಲಿಯ ಊಟದ ಟೇಬಲ್ ಮೇಲೆ ಇಲ್ಲ. ನಾನು ಕೈಪಿಡಿ ಓದಿ ಕನ್ನಡದಲ್ಲಿ ಹೇಳಿದೆ, ಆಮೇಲೆ ಎದ್ದು ಆಚೆ ಹೋದೆ. ಅಮ್ಮ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ತೆಗೆದುಕೊಂಡರು. ಯಾರಿಗೆ ಹಾಕಿದರೋ ಇವತ್ತಿಗೂ ಹೇಳಿಲ್ಲ. ಓದಿ ಹೇಳುವುದಕ್ಕೆ, ಕೇಳಿದವರಿಗೆ ಸಹಾಯ ಮಾಡುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಅವರ ಬದಲು ನೀವು ತೀರ್ಮಾನ ಮಾಡುವುದು, ಅವರ ಸಹಿ ನೀವು ಹಾಕುವುದು ಅಪರಾಧ. ಗಂಡಸರೇ, ಸ್ವಲ್ಪ ಎದ್ದು ಆಚೆ ಹೋಗಿ.

ಸಹಿಯ ವಿಷಯಕ್ಕೆ ಬಂದರೆ, ಇಲ್ಲಿ ಗುರುತಿನ ಚೀಟಿ ಕೇಳುವವರಿಲ್ಲ, ಲಕೋಟೆಯ ಮೇಲಿನ ಸಹಿಯನ್ನೇ ಹಳೆ ದಾಖಲೆಯ ಜೊತೆ ಹೋಲಿಸುತ್ತಾರೆ. ಆ ಹಳೆ ದಾಖಲೆ ಎಷ್ಟೋ ಸಲ ಲೈಸೆನ್ಸ್ ಮಾಡಿಸುವಾಗ ಪುಟ್ಟ ಗಾಜಿನ ಮೇಲೆ ಗೀಚಿದ್ದು. ಕನ್ನಡದಲ್ಲಿ ಸಹಿ ಮಾಡುವವರು ಧಾರಾಳವಾಗಿ ಕನ್ನಡದಲ್ಲೇ ಮಾಡಿ, ಆದರೆ ಎರಡೂ ಕಡೆ ಅದೇ ಇರಲಿ. ಹೊಂದದಿದ್ದರೆ ಕೌಂಟಿಯಿಂದ ಪತ್ರ ಬರುತ್ತದೆ. ಅದಕ್ಕೆ ಉತ್ತರಿಸಿದರೆ ವೋಟು ಎಣಿಕೆಗೆ ಸೇರುತ್ತದೆ, ಕಸಕ್ಕೆ ಎಸೆದರೆ ಇಲ್ಲ. ಈ ಪದ್ಧತಿ ಎಲ್ಲರಿಗೂ ಒಂದೇ ಥರ ನಡೆಯುತ್ತಿಲ್ಲ ಅನ್ನುವುದು ನನ್ನ ದೂರು. ರಾಜ್ಯದ ಆಡಿಟರ್ 2022ರಲ್ಲಿ ಕೊಟ್ಟ ವರದಿಯ ಪ್ರಕಾರ 2020ರ ಚುನಾವಣೆಯಲ್ಲಿ ಕಪ್ಪು ಜನರ ಮತಪತ್ರ ಬಿಳಿಯರದ್ದಕ್ಕಿಂತ ನಾಲ್ಕು ಪಟ್ಟು ಪ್ರಮಾಣದಲ್ಲಿ ತಿರಸ್ಕಾರವಾಗಿತ್ತು. ದೊಡ್ಡವರನ್ನೂ ಇದು ಬಿಟ್ಟಿಲ್ಲ. 2004ರಲ್ಲಿ ಗವರ್ನರ್ ಚುನಾವಣೆಯ ಮರುಎಣಿಕೆ ನಡೆಯುವಾಗ, ಸಹಿಯ ಕಾರಣಕ್ಕೆ ತಪ್ಪಾಗಿ ಪಕ್ಕಕ್ಕಿಟ್ಟ ಮತಗಳಲ್ಲಿ ಕಿಂಗ್ ಕೌಂಟಿ ಕೌನ್ಸಿಲ್‌ನ ಅಧ್ಯಕ್ಷ ಲ್ಯಾರಿ ಫಿಲಿಪ್ಸ್ ಅವರದ್ದೂ ಸಿಕ್ಕಿತು. ಅಂಥ ನೂರಾರು ಮತಗಳನ್ನು ಸೇರಿಸಿ ಎಣಿಸಿದಾಗ ಕ್ರಿಸ್ಟೀನ್ ಗ್ರೆಗಾಯರ್ ಗೆದ್ದ ಅಂತರ 129.

ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಂಚೆಗೆ ಹಾಕಿದರೆ ಚುನಾವಣೆ ದಿನದೊಳಗಿನ ಮುದ್ರೆ ಬಿದ್ದಿರಬೇಕು, ನೀವು ಹಾಕಿದ ದಿನವೇ ಮುದ್ರೆ ಬೀಳುತ್ತದೆ ಅಂತ ಹೇಳಲಾಗದು. ಅದಕ್ಕೇ ನಾನು ಡ್ರಾಪ್ ಬಾಕ್ಸ್, ಅಂದರೆ ಲಕೋಟೆಯನ್ನು ನಾವೇ ಹೋಗಿ ಹಾಕುವ ಪೆಟ್ಟಿಗೆಯ ಕಡೆಯವನು. ಅದು ಮುಚ್ಚುವುದು ಚುನಾವಣೆ ದಿನ ರಾತ್ರಿ ಎಂಟಕ್ಕೆ. ಹಾಕಿದ ಮೇಲೆ ಆನ್‌ಲೈನ್‌ನಲ್ಲಿ ನಿಮ್ಮ ಮತಪತ್ರ ಎಲ್ಲಿದೆ ಅಂತ ಒಮ್ಮೆ ನೋಡಿ. 2024ರ ಅಕ್ಟೋಬರ್‌ನಲ್ಲಿ ಇದೇ ರಾಜ್ಯದ ವ್ಯಾಂಕೂವರ್ ಊರಲ್ಲಿ ಯಾರೋ ಡ್ರಾಪ್ ಬಾಕ್ಸ್‌ಗೆ ಬೆಂಕಿ ಇಟ್ಟು ನೂರಾರು ಮತಪತ್ರ ಹಾಳಾದವು. ಹಾಗೆ ನೋಡಿದವರಿಗೆ ತಮ್ಮದು ತಲುಪಿಲ್ಲ ಅಂತ ಗೊತ್ತಾಗಿ, ಹೊಸದು ತರಿಸಿಕೊಳ್ಳಲು ದಾರಿ ಇತ್ತು.

ಒಂದು ವಿಷಯ ಗೊತ್ತಿರಲಿ. ನೀವು ಯಾರಿಗೆ ಹಾಕಿದಿರಿ ಅನ್ನುವುದು ಗುಟ್ಟು, ಹಾಕಿದಿರೋ ಇಲ್ಲವೋ ಅನ್ನುವುದು ಸಾರ್ವಜನಿಕ ದಾಖಲೆ. ನಾನಂತೂ ಯಾರದ್ದನ್ನೂ ಹುಡುಕಿ ನೋಡಲು ಹೋಗುವುದಿಲ್ಲ. ಫಾರಂ, ವಿಳಾಸ, ಸಹಿ ಇವುಗಳ ಬಗ್ಗೆ ಏನಾದರೂ ಅನುಮಾನ ಇದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಯಾರಿಗೆ ಹಾಕಬೇಕು ಅಂತ ಮಾತ್ರ ಕೇಳಬೇಡಿ.